ಒಬ್ಬ ಪಿಯಾನೋ ವಾದಕನ ಲೆಕ್ಕಪತ್ರ

1947ರಲ್ಲಿ ಲಂಡನ್ನಿನ ಎಚ್‌ಎಂವಿ ಕಂಪನಿಯವರು 67 ವರ್ಷದ ಒಬ್ಬ ರಷ್ಯನ್ ಪಿಯಾನೋ ವಾದಕನನ್ನು ಕರೆಸಿ, ಅವನೇ ರಚಿಸಿದ ಮೂರು ಕಾನ್ಚೆರ್ಟೊಗಳನ್ನು ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾದ ಜತೆ ಮುದ್ರಿಸಿಕೊಂಡರು. ವಾದಕನ ಹೆಸರು ನಿಕೊಲಾಯ್ ಮೆಟ್ನರ್. ಹೃದಯದ ಕಾಯಿಲೆ ಅಂಟಿಕೊಂಡಿತ್ತು, ವರಮಾನ ಅಷ್ಟಕ್ಕಷ್ಟೆ, ಕಛೇರಿಗಳು ಅಪರೂಪವಾಗಿದ್ದವು. ಮುದ್ರಣದ ಖರ್ಚು ಹೊತ್ತವರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರು. ಕನ್ನಡದಲ್ಲಿ ಈ ಸಂಗತಿ ಪ್ರಸ್ತಾಪವಾದಾಗಲೆಲ್ಲ ಅದು ಅರಮನೆಯ ಔದಾರ್ಯದ ಕಥೆಯಾಗಿಬಿಡುತ್ತದೆ. ಹೊರಗಿನವರು ಹೇಳುವಾಗ ದೂರದೇಶದ ದೊರೆಯೊಬ್ಬರ ಶೋಕಿಯ ಹಾಗೆ ಕೇಳಿಸುತ್ತದೆ. ಎರಡೂ ಕಡೆಯವರು ಮೆಟ್ನರ್‌ನನ್ನು ದಾನ ಪಡೆದವನ ಜಾಗದಲ್ಲಿ ಕೂರಿಸಿ ಮುಂದೆ ಹೋಗುತ್ತಾರೆ. ಆತನ ಬದುಕನ್ನು ಮೊದಲಿಂದ ನೋಡಿಕೊಂಡು ಬಂದರೆ ಬೇರೆಯೇ ಪ್ರಶ್ನೆ ಏಳುತ್ತದೆ. ಮಾಸ್ಕೋದಲ್ಲಿ ಚಿನ್ನದ ಪದಕ ಗಿಟ್ಟಿಸಿ ಹೊರಬಂದ ವಾದಕನೊಬ್ಬನ ನುಡಿಸಾಣಿಕೆ, ಮೈಸೂರಿನಿಂದ ಹಣ ಬರುವ ತನಕ, ಮುಂದಿನವರಿಗೆ ಉಳಿಯದೇ ಹೋಗುವ ಸ್ಥಿತಿ ಯಾಕೆ ಬಂತು? ಕಛೇರಿಯ ಮಾರುಕಟ್ಟೆ ಒಳ್ಳೆಯ ವಾದಕನನ್ನು ಹೇಗಾದರೂ ಗುರುತಿಸಿಯೇ ಗುರುತಿಸುತ್ತದೆ ಎಂದು ನಾವು ನಂಬಿಕೊಂಡಿದ್ದೇವೆ. ಮೆಟ್ನರ್‌ನ ವೃತ್ತಿಜೀವನ ಆ ನಂಬಿಕೆಗೆ ವಿರುದ್ಧ ಸಾಕ್ಷಿ ಎಂಬುದು ಇಲ್ಲಿನ ನನ್ನ ವಾದ.

ಆತ ಹುಟ್ಟಿದ್ದು ಮಾಸ್ಕೋದಲ್ಲಿ, ಈಗಿನ ಪಂಚಾಂಗದ ಪ್ರಕಾರ 1880ರ ಜನವರಿಯಲ್ಲಿ. ಮಾಸ್ಕೋ ಕನ್ಸರ್ವೇಟರಿಯಲ್ಲಿ ಪಾಬ್ಸ್ಟ್, ಸಫೊನೋವ್ ಮೊದಲಾದವರ ಕೈಕೆಳಗೆ ಪಳಗಿ, 1900ರಲ್ಲಿ, ಇಪ್ಪತ್ತರ ಹರೆಯದಲ್ಲಿ ಪದವಿ ಮುಗಿಸಿದ. ಅಂಥ ಹುಡುಗನಿಗೆ ಆಗ ದಾರಿ ಹಾಸಿಯೇ ಇಟ್ಟಿತ್ತು. ಯುರೋಪಿನ ಊರೂರು ಸುತ್ತಿ ನುಡಿಸುವುದು, ಹೆಸರು ಮಾಡುವುದು, ಆಮೇಲೆ ದೊಡ್ಡ ಸಂಭಾವನೆ ಕೇಳುವುದು. ಮೆಟ್ನರ್ ಆ ದಾರಿ ಹಿಡಿಯಲಿಲ್ಲ. ಮನೆಯವರು ತಲೆಯ ಮೇಲೆ ಕೈಹೊತ್ತರೂ, ಗುರು ತಾನೇಯೆವ್ ಒಬ್ಬರ ಬೆಂಬಲ ನೆಚ್ಚಿಕೊಂಡು, ಸಂಚಾರಿ ವಾದಕನ ವೃತ್ತಿ ಬಿಟ್ಟು ರಚನೆಗೆ ಕುಳಿತ. ಹಾಗೆಂದು ವೇದಿಕೆಗೆ ಬೆನ್ನು ಹಾಕಿದನೆಂದಲ್ಲ. ತನ್ನ ಕೃತಿಗಳನ್ನು ತಾನೇ ನುಡಿಸುತ್ತಿದ್ದ. ಬೀಥೋವನ್‌ನನ್ನು ದೇವರಂತೆ ಕಂಡು ನುಡಿಸುತ್ತಿದ್ದ. 1910ರ ಡಿಸೆಂಬರಿನಲ್ಲಿ ಮಾಸ್ಕೋದಲ್ಲಿ ಬೀಥೋವನ್‌ನ ನಾಲ್ಕನೇ ಕಾನ್ಚೆರ್ಟೊದ ತಾಲೀಮು ನಡೆದಿದ್ದಾಗ, ಡಚ್ ಕಂಡಕ್ಟರ್ ವಿಲೆಮ್ ಮೆಂಗೆಲ್‌ಬರ್ಗ್ ಜತೆ ಕಾಲಪ್ರಮಾಣದ ವಿಚಾರದಲ್ಲಿ ಜಟಾಪಟಿಯಾಗಿ ಎದ್ದುಹೋದದ್ದು ಆ ಊರಿನಲ್ಲಿ ದೊಡ್ಡ ಸುದ್ದಿಯಾಯಿತು. ಹೆಸರಾಂತ ಕಂಡಕ್ಟರ್ ಹೇಳಿದ ಗತಿಗೆ ತಲೆಬಾಗಿ ಒಂದು ಸಂಜೆ ದೂಡಿಬಿಡುವುದು ವೃತ್ತಿನಿರತ ವಾದಕನಿಗೆ ನಿತ್ಯದ ಕೆಲಸ. ಈತನಿಗೆ ಅದು ಆಗದ ಮಾತಾಗಿತ್ತು.

ಪಿಯಾನೋ ವಾದಕನ ಕಸುಬು ಆ ಕಾಲದಲ್ಲಿ ಒಳಗಿಂದೊಳಗೇ ಬದಲಾಗುತ್ತಿತ್ತು. ಲಿಸ್ಟ್, ಶೋಪಾನ್ ಕಾಲದಲ್ಲಿ ನುಡಿಸುವವನೂ ರಚಿಸುವವನೂ ಒಬ್ಬನೇ ಆಗಿರುವುದು ಮಾಮೂಲು. ಇಪ್ಪತ್ತನೇ ಶತಮಾನ ಬರುವ ಹೊತ್ತಿಗೆ ಅವು ಎರಡು ಕಸುಬುಗಳಾಗಿ ಒಡೆದವು. ವಾದಕ ಎಂದರೆ ಬೇರೆಯವರ ಕೃತಿಗಳ ದೊಡ್ಡ ಮೂಟೆ ಹೊತ್ತು, ಒಂದು ಋತುವಿನಲ್ಲಿ ಹತ್ತಾರು ಊರುಗಳಲ್ಲಿ, ಒಮ್ಮೆಯೂ ಜಾರದಂತೆ ಒಪ್ಪಿಸುವವನು ಎಂದಾಯಿತು. ಸಭಾಂಗಣ ತುಂಬಬೇಕು, ಟಿಕೆಟ್ ಹೋಗಬೇಕು, ಏಜೆಂಟನ ಪಾಲು ಕಳೆಯಬೇಕು. ಈ ಲೆಕ್ಕಕ್ಕೆ ಒಗ್ಗಿಕೊಂಡವರು ಉಳಿದರು. ಸೆರ್ಗೇಯ್ ರಾಖ್ಮಾನಿನೋವ್ ಒಗ್ಗಿಕೊಂಡ. 1917ರ ಕ್ರಾಂತಿಯ ಬೆನ್ನಿಗೆ ರಷ್ಯಾ ಬಿಟ್ಟು, ಮರುವರ್ಷ ಅಮೆರಿಕ ಸೇರಿದಾಗ ಆತನಿಗೆ 45. ಅಲ್ಲಿಯತನಕ ಹೆಚ್ಚಾಗಿ ತನ್ನದನ್ನೇ ನುಡಿಸುತ್ತಿದ್ದವನು, ಆ ವಯಸ್ಸಿನಲ್ಲಿ ಕೂತು ಶೋಪಾನ್, ಶೂಮನ್, ಲಿಸ್ಟ್ ಎಲ್ಲರನ್ನೂ ಕಛೇರಿಗೆಂದು ಸಾಧನೆ ಮಾಡಿ, ಜಗತ್ತಿನ ಅತಿ ಬೇಡಿಕೆಯ ವಾದಕರಲ್ಲಿ ಒಬ್ಬನಾದ. ಅದಕ್ಕೆ ತೆತ್ತ ಬೆಲೆಯೂ ದಾಖಲೆಯಲ್ಲಿದೆ. ಆಮೇಲಿನ 25 ವರ್ಷಗಳಲ್ಲಿ ಓಪಸ್ ಸಂಖ್ಯೆ ಪಡೆದ ಹೊಸ ಕೃತಿಗಳು ಆರೇ ಆರು. ಹಣ, ಮನೆ, ಧ್ವನಿಮುದ್ರಣ ಎಲ್ಲ ಬಂತು, ಬರೆಯುವ ಸಮಯ ಹೋಯಿತು. ಮೆಟ್ನರ್ ಮತ್ತು ರಾಖ್ಮಾನಿನೋವ್ ಆಪ್ತ ಸ್ನೇಹಿತರು. ಮೆಟ್ನರ್‌ನ ಎರಡನೇ ಕಾನ್ಚೆರ್ಟೊ ರಾಖ್ಮಾನಿನೋವ್‌ಗೆ ಅರ್ಪಣೆ, ರಾಖ್ಮಾನಿನೋವ್‌ನ ನಾಲ್ಕನೆಯದು ಮೆಟ್ನರ್‌ಗೆ. ಮೆಟ್ನರ್‌ನ 1924-25ರ ಅಮೆರಿಕ ಪ್ರವಾಸ ಕೂಡಿಬಂದದ್ದೂ ಆ ಸ್ನೇಹದಿಂದಲೇ. ಒಂದೇ ಊರು, ಒಂದೇ ವಿದ್ಯಾಸಂಸ್ಥೆ, ಒಂದೇ ವಲಸೆಯ ಸಂಕಟ. ಇಬ್ಬರ ಬದುಕು ಇಷ್ಟು ಬೇರೆಯಾಗಲು ಪ್ರತಿಭೆಯ ಹೆಚ್ಚುಕಡಿಮೆ ಮಾತ್ರ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಮಾರುಕಟ್ಟೆ ಕೇಳಿದ್ದನ್ನು ಒಬ್ಬ ಕೊಟ್ಟ, ಇನ್ನೊಬ್ಬ ಕೊಡಲಿಲ್ಲ ಎಂಬುದು ಕಣ್ಣೆದುರಿಗೆ ಇರುವ ಕಾರಣ.

1921ರಲ್ಲಿ ರಷ್ಯಾ ಬಿಟ್ಟ ಮೆಟ್ನರ್ ಬರ್ಲಿನ್‌ನಲ್ಲಿ ನೆಲೆ ಕಾಣದೆ ಪ್ಯಾರಿಸ್ ಬಳಿಗೆ ಹೋದ. ಪ್ಯಾರಿಸ್ಸಿನವರಿಗೆ ಆಗ ಸ್ಟ್ರಾವಿನ್‌ಸ್ಕಿಯ ಗುಂಗು, ಇವನ ಸಂಗೀತ ಅವರಿಗೆ ಹಳಸಲು. 1930ರ ದಶಕದ ನಡುವಿನಲ್ಲಿ ಹೆಂಡತಿ ಆನಾ ಜತೆ ಲಂಡನ್ನಿಗೆ ಬಂದು ಗೋಲ್ಡರ್ಸ್ ಗ್ರೀನ್ ಬಡಾವಣೆಯಲ್ಲಿ ಮನೆ ಹಿಡಿದ. ಪಾಠ ಹೇಳುವುದು, ಆಗೊಂದು ಈಗೊಂದು ಕಛೇರಿ, ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಗೌರವಧನ, ಇಷ್ಟರಲ್ಲಿ ಸಂಸಾರ ಸಾಗುತ್ತಿತ್ತು. ಯುದ್ಧ ಶುರುವಾದ ಕೂಡಲೇ ಜರ್ಮನಿಯ ದುಡ್ಡು ನಿಂತಿತು, ಬಾಂಬು ಬೀಳತೊಡಗಿದ ಮೇಲೆ ಲಂಡನ್ನಿನ ಪಾಠಗಳೂ ನಿಂತವು. ಶಿಷ್ಯೆ ಎಡ್ನಾ ಐಲ್ಸ್, ಆಕೆಯೂ ಕಛೇರಿ ಮಾಡುವ ಪಿಯಾನೋ ವಾದಕಿಯೇ, ಈ ದಂಪತಿಯನ್ನು ವಾರಿಕ್‌ಶೈರ್ ಸೀಮೆಗೆ ಕರೆದೊಯ್ದು ಆಸರೆ ಕೊಟ್ಟಳು. ಅಲ್ಲಿಯೇ 1942ರಲ್ಲಿ ಹೃದಯಾಘಾತವಾಯಿತು. ಅಲ್ಲಿಯೇ ಮೂರನೇ ಕಾನ್ಚೆರ್ಟೊ ಮುಗಿಯಿತು. ಅದನ್ನು 1944ರಲ್ಲಿ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಆತನೇ ನುಡಿಸಿದ. ಗಮನಿಸಬೇಕಾದ್ದು ಏನೆಂದರೆ, ಅಷ್ಟು ವರ್ಷ ಎಚ್‌ಎಂವಿಯ ಊರಿನಲ್ಲೇ ಇದ್ದರೂ ಆ ಕಂಪನಿ ಮುದ್ರಿಸಿಕೊಂಡದ್ದು ಬೆರಳೆಣಿಕೆಯ ಚಿಕ್ಕ ತುಣುಕುಗಳನ್ನು. ಕಾನ್ಚೆರ್ಟೊ ಇಲ್ಲ, ಹಾಡುಗಳ ಕಟ್ಟು ಇಲ್ಲ. ಕಂಪನಿಯದು ದುರುದ್ದೇಶವೇನಲ್ಲ. ಕೊಳ್ಳುವವರು ಕಾಣದ ಸರಕಿಗೆ ಆರ್ಕೆಸ್ಟ್ರಾದ ಕೂಲಿ ಯಾರು ಕೊಡುತ್ತಾರೆ?

ಕೊಡಲು ಮುಂದೆ ಬಂದವರು ಯಾರು ಎಂಬುದು ಇಲ್ಲಿ ಮುಖ್ಯ. 1919ರಲ್ಲಿ ಹುಟ್ಟಿದ ಜಯಚಾಮರಾಜ ಒಡೆಯರು ಪಿಯಾನೋವನ್ನು ದಿವಾನಖಾನೆಯ ಅಲಂಕಾರಕ್ಕೆ ಕಲಿತವರಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಪರೀಕ್ಷೆ ಪಾಸು ಮಾಡಿದವರು. 1945ರಲ್ಲಿ ಟ್ರಿನಿಟಿ ಕಾಲೇಜು ಗೌರವ ಫೆಲೋ ಮಾಡಿಕೊಂಡಿತು. ಕಛೇರಿ ವಾದಕರಾಗಬೇಕೆಂಬ ಆಸೆ ಅವರಿಗಿತ್ತು. 1940ರ ಮಾರ್ಚಿನಲ್ಲಿ ತಂದೆ ಕಂಠೀರವ ನರಸಿಂಹರಾಜ ಒಡೆಯರು, ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡರು. ಐದು ತಿಂಗಳ ಅಂತರದ ಎರಡು ಸಾವು 21 ವರ್ಷದ ತರುಣನನ್ನು ಸಿಂಹಾಸನಕ್ಕೆ ತಂದು ಕೂರಿಸಿದವು, ಪಿಯಾನೋದ ಕನಸು ಅಲ್ಲಿಗೆ ಮುಗಿಯಿತು. ಆಮೇಲೆ ವಾಸುದೇವಾಚಾರ್ಯರ ಬಳಿ ಕರ್ನಾಟಕ ಸಂಗೀತ ಕಲಿತು, ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ರಚಿಸಿದ್ದು ಎಲ್ಲರಿಗೂ ಗೊತ್ತಿರುವ ಮಾತು. ಮೆಟ್ನರ್‌ನ ಬರವಣಿಗೆ ನೋಡಿದರೆ ಸರಳ, ನುಡಿಸಹೊರಟರೆ ಕೈಕೊಡುವ ಜಾತಿಯದು. ಎರಡು ಕೈಗಳಲ್ಲಿ ಎರಡು ನಡೆ, ಅವುಗಳ ಒಳಗೆ ಅಡಗಿ ಹರಿಯುವ ಮೂರನೆಯ ಎಳೆ. ಮೊದಲ ಸಲ ಕೇಳಿದವರಿಗೆ ಮನಸ್ಸಿನಲ್ಲಿ ನಿಲ್ಲುವ ರಾಗದ ತಿರುವು ಸಿಗುವುದು ಕಷ್ಟ. ಬೆರಳಿಗೆ ಹತ್ತಿಸಿಕೊಂಡವರಿಗೆ ಅದರ ಕಟ್ಟಡ ಗೊತ್ತಾಗುತ್ತದೆ. ಇಂಥ ಸಂಗೀತವನ್ನು ಟಿಕೆಟ್ ಕೊಂಡ ಸಭೆ ತಾನಾಗಿ ಹುಡುಕಿಕೊಂಡು ಹೋಗದು. ಹುಡುಕಲು ಪಿಯಾನೋ ಮುಂದೆ ಕೂತು ಬೆವರು ಹರಿಸಿದ ಒಬ್ಬ ಕೇಳುಗ ಬೇಕಾಗಿತ್ತು. ಆ ಕೇಳುಗರ ಕೈಯಲ್ಲಿ ಹಣವೂ ಇತ್ತು ಎಂಬುದು ಮೆಟ್ನರ್‌ನ ಅದೃಷ್ಟ. ಕೃತಜ್ಞತೆಯಿಂದ ಆತ ಮೂರನೇ ಕಾನ್ಚೆರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ.

ಮುದ್ರಣ ಎಂದೊಡನೆ ಈಗಿನ ಸ್ಟುಡಿಯೋ ನೆನಪಿಗೆ ಬಂದರೆ ಆ ಕೆಲಸದ ಕಷ್ಟ ತಿಳಿಯುವುದಿಲ್ಲ. 1947ರಲ್ಲಿ ಲಂಡನ್ನಿನಲ್ಲಿ ಟೇಪ್ ಬಳಕೆಗೆ ಬಂದಿರಲಿಲ್ಲ. ನುಡಿಸುತ್ತಿದ್ದ ಹಾಗೇ ಸೂಜಿ ತಟ್ಟೆಯ ಮೇಲೆ ಗೀರು ಕೊರೆಯುತ್ತ ಹೋಗುತ್ತಿತ್ತು. ಹನ್ನೆರಡು ಅಂಗುಲದ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಹೆಚ್ಚೆಂದರೆ ನಾಲ್ಕೂವರೆ ನಿಮಿಷ. ಮೂರನೇ ಕಾನ್ಚೆರ್ಟೊ ಸುಮಾರು 35 ನಿಮಿಷದ್ದು, ಅದರ ಭಾಗಗಳು ನಡುವೆ ನಿಲ್ಲದೆ ಒಂದರೊಳಗೊಂದು ಸೇರಿಕೊಂಡು ಹರಿಯುವಂಥವು. ಅಂಥದ್ದನ್ನು ಎಂಟೊಂಬತ್ತು ಮಗ್ಗುಲುಗಳಾಗಿ ಕಡಿಯಬೇಕು. ಎಲ್ಲಿ ಕಡಿದರೆ ಗಾಯ ಕಡಿಮೆ ಎಂದು ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಮಗ್ಗುಲಿನ ಮೂರನೇ ನಿಮಿಷದಲ್ಲಿ ಪಿಯಾನೋದವನದೋ ಕೊಂಬಿನವನದೋ ಒಂದು ಸ್ವರ ತಪ್ಪಿತೆಂದರೆ ತೇಪೆ ಹಾಕುವಂತಿಲ್ಲ, ಇಡೀ ಮಗ್ಗುಲು ಮತ್ತೆ ಮೊದಲಿಂದ. ಮುಂದಿನ ಮಗ್ಗುಲು ಶುರು ಮಾಡುವಾಗ ಹಿಂದಿನದು ಬಿಟ್ಟ ಗತಿಯನ್ನೂ ಬಿಸಿಯನ್ನೂ ಶೂನ್ಯದಿಂದ ಎತ್ತಿಕೊಳ್ಳಬೇಕು. ಒಮ್ಮೆ ಹೃದಯಾಘಾತವಾಗಿದ್ದ 67ರ ಮುದುಕ ಇದನ್ನು ಮೂರು ಕಾನ್ಚೆರ್ಟೊಗಳಿಗೆ ಮಾಡಿದ. ಎರಡನೆಯದಕ್ಕೂ ಮೂರನೆಯದಕ್ಕೂ ಇಸಾಯ್ ದೊಬ್ರೊವೆನ್, ಮೊದಲನೆಯದಕ್ಕೆ ಜಾರ್ಜ್ ವೆಲ್ಡನ್ ಆರ್ಕೆಸ್ಟ್ರಾ ನಡೆಸಿದರು. ಅದರ ಜತೆಗೆ ‘ಸ್ಕಾಜ್ಕಿ’ ಎಂಬ ಚಿಕ್ಕ ಕಥನಗಳು, ಹಾಡುಗಳು, ಬೆನ್ನೊ ಮೊಯ್ಸೇವಿಚ್ ಜತೆ ಎರಡು ಪಿಯಾನೋಗಳ ರಷ್ಯನ್ ನೃತ್ಯ. ಕಡೆಗೆ ಗಾಯಕಿ ಎಲಿಸಬೆತ್ ಶ್ವಾರ್ಟ್ಸ್‌ಕಾಫ್ ಹಾಡಿಗೂ ಈತನೇ ಪಿಯಾನೋಗೆ ಕೂತ. ಶತಮಾನದ ಆರಂಭದಲ್ಲಿ ತೊಡಗಿ 1949ರಲ್ಲಿ ಮುಗಿಸಿದ ಪಿಯಾನೋ ಕ್ವಿಂಟೆಟ್ಟನ್ನೂ ಇಯೋಲಿಯನ್ ಕ್ವಾರ್ಟೆಟ್ ಜತೆ ನುಡಿಸಿಟ್ಟ. ಮೆಟ್ನರ್ ಸೊಸೈಟಿ ಹೆಸರಿನಲ್ಲಿ ಪ್ಲೇಟುಗಳ ಮೂರು ಸಂಪುಟಗಳು ಬಂದವು. 1951ರ ನವೆಂಬರಿನಲ್ಲಿ ಆತ ತೀರಿಕೊಂಡ.

ನನ್ನ ವಾದಕ್ಕೆ ಮೊದಲ ಆಕ್ಷೇಪ ಮೆಟ್ನರ್‌ನ ಸ್ವಭಾವದ ಮೇಲೆಯೇ. ಜಗಮೊಂಡ, ಕಾಲದ ಜತೆ ನಡೆಯಲಿಲ್ಲ, ಅನುಭವಿಸಿದ, ಮಾರುಕಟ್ಟೆಯನ್ನೇಕೆ ದೂರುತ್ತೀರಿ ಎಂದು ಕೇಳಬಹುದು. ಅರ್ಧದಷ್ಟು ಒಪ್ಪಬೇಕಾದ ಮಾತೇ. ತನ್ನ ಕೃತಿಗಳಿಂದಲೇ ಇಡೀ ಸಂಜೆ ತುಂಬುವ ಹಟ, ಕೇಳುಗರ ಕಡೆ ಒಂದು ಹೆಜ್ಜೆಯೂ ಇಡದ ಬಿಗುಮಾನ, ಇವೆಲ್ಲ ಇದ್ದವು. 1935ರಲ್ಲಿ ರಾಖ್ಮಾನಿನೋವ್‌ನ ಪ್ರಕಾಶನದಿಂದ ಬಂದ ‘ಸಂಗೀತದೇವಿ ಮತ್ತು ಫ್ಯಾಷನ್’ ಎಂಬರ್ಥದ ಪುಸ್ತಕದಲ್ಲಿ ಹೊಸ ಸಂಗೀತವನ್ನೆಲ್ಲ ಸಾರಾಸಗಟಾಗಿ ತಳ್ಳಿಹಾಕಿದ. ಆ ಪುಸ್ತಕದ ತೀರ್ಪುಗಳಲ್ಲಿ ಬಹಳಷ್ಟನ್ನು ಕಾಲ ಒಪ್ಪಿಲ್ಲ, ನನಗೂ ಒಪ್ಪಿಗೆಯಿಲ್ಲ. ಆದರೆ ವಿಚಾರ ತಪ್ಪಾದವನ ಬೆರಳುಗಳೂ ತಪ್ಪಬೇಕೆಂದೇನೂ ಇಲ್ಲ. ಮುದ್ರಣಗಳನ್ನು ಕೇಳಿದರೆ ಮೊಂಡುತನ ಎಂದು ನಾವು ಕರೆಯುವ ಗುಣವೇ ನುಡಿಸಾಣಿಕೆಯಲ್ಲಿ ಇನ್ನೊಂದು ರೂಪ ತಾಳಿರುವುದು ತಿಳಿಯುತ್ತದೆ. ಎಲ್ಲೂ ಚಪ್ಪಾಳೆಗೆಂದು ಓಡುವುದಿಲ್ಲ, ಕಣ್ಣೀರಿಗೆಂದು ಎಳೆಯುವುದಿಲ್ಲ. ಲಯ ಬಿಗಿ, ಅದರೊಳಗೆ ಮಾತಾಡಿದಂತೆ ಸಣ್ಣ ಸಣ್ಣ ತಡೆಗಳು. ಈ ತಡೆಗಳನ್ನು ಸ್ವರಲಿಪಿಯಲ್ಲಿ ಬರೆದು ತೋರಿಸಲು ಆಗದು. ಮುದಿ ಬೆರಳುಗಳ ಅಲ್ಲಲ್ಲಿನ ಎಡವು ಕೂಡ ಪ್ಲೇಟಿನಲ್ಲಿ ಉಳಿದಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಮೂವತ್ತು ವರ್ಷ ಮೊದಲೇ ಮುದ್ರಿಸಿದ್ದರೆ ಎಡವು ಇರುತ್ತಿರಲಿಲ್ಲ ಎಂಬುದು ಮಾರುಕಟ್ಟೆಯ ಮೇಲಿನ ದೂರನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ.

ಎರಡನೆಯದು, ಯೋಗ್ಯತೆ ಇದ್ದರೆ ಇವತ್ತಲ್ಲ ನಾಳೆ ಯಾರಾದರೂ ಗುರುತಿಸುತ್ತಿದ್ದರು ಎಂಬ ಸಮಾಧಾನ. ರಚನೆಕಾರನ ಮಟ್ಟಿಗೆ ಇದು ನಿಜವಾಯಿತು. ಆನಾ 1958ರಲ್ಲಿ ರಷ್ಯಾಕ್ಕೆ ಮರಳಿದಳು, ಮಾಸ್ಕೋದಲ್ಲಿ ಸಮಗ್ರ ಕೃತಿಗಳು ಹನ್ನೆರಡು ಸಂಪುಟಗಳಲ್ಲಿ ಅಚ್ಚಾದವು, ಎಮಿಲ್ ಗಿಲೆಲ್ಸ್ ನುಡಿಸಿದ, 1990ರ ದಶಕದಲ್ಲಿ ಜೆಫ್ರಿ ಟೋಜರ್, ನಿಕೊಲಾಯ್ ದೆಮಿದೆಂಕೊ, ಮಾರ್ಕ್-ಆಂದ್ರೆ ಹ್ಯಾಮಲಿನ್ ಮುದ್ರಣಗಳು ಬಂದವು. ಮೈಸೂರು ಇರದಿದ್ದರೂ ಇದೆಲ್ಲ ನಡೆಯುತ್ತಿತ್ತೇನೋ. ವಾದಕನ ಮಟ್ಟಿಗೆ ಹಾಗೆ ಹೇಳುವಂತಿಲ್ಲ. ಕಾಗದದ ಮೇಲಿನ ಸಂಗೀತ ಐವತ್ತು ವರ್ಷ ಕಾಯಬಲ್ಲದು, ಕೈ ಕಾಯಲಾರದು. ಇದಕ್ಕೆ ಒಂದು ಉದಾಹರಣೆ ಸಾಕು. ಮೆಟ್ನರ್‌ನ 14 ಪಿಯಾನೋ ಸೊನಾಟಾಗಳಲ್ಲಿ ಅತಿ ದೊಡ್ಡದು ರಾಖ್ಮಾನಿನೋವ್‌ಗೆ ಅರ್ಪಿಸಿದ ‘ರಾತ್ರಿಯ ಗಾಳಿ’. ಅರ್ಧ ಗಂಟೆಗೂ ಹೆಚ್ಚು ಕಾಲ ಒಂದೇ ಉಸಿರಿನಲ್ಲಿ ನಡೆಯುವ ಕೃತಿ. ಅದನ್ನು ಆತ ಮುದ್ರಿಸಲೇ ಇಲ್ಲ. ಈಗ ಅದು ಹ್ಯಾಮಲಿನ್ ಕೈಯಲ್ಲಿ ಸಿಗುತ್ತದೆ, ಅದ್ಭುತವಾಗಿಯೇ ಇದೆ. ಬರೆದವನು ಹೇಗೆ ನುಡಿಸುತ್ತಿದ್ದ ಎಂಬುದು ಮಾತ್ರ ಇನ್ನು ಯಾರಿಗೂ ತಿಳಿಯದು. ಮೈಸೂರಿನ ಹಣ ತಲುಪದ ಕಡೆ ಏನಾಗುತ್ತಿತ್ತು ಎಂಬುದಕ್ಕೆ ಆ ಖಾಲಿ ಜಾಗವೇ ಉತ್ತರ.

ಮೂರನೆಯದು ಗಟ್ಟಿ ಆಕ್ಷೇಪ, ಕರ್ನಾಟಕದವರೇ ಎತ್ತಬೇಕಾದದ್ದು. ಹಣ ಯಾರದು? 1947ರ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ನಡೆದು, ಜನ ಬೀದಿಗಿಳಿದು, ಜೈಲು ತುಂಬಿ ಜವಾಬ್ದಾರಿ ಸರ್ಕಾರ ಪಡೆದದ್ದೂ, ಲಂಡನ್ನಿನಲ್ಲಿ ಕಾನ್ಚೆರ್ಟೊಗಳು ಮುದ್ರಣಗೊಂಡದ್ದೂ ಒಂದೇ ವರ್ಷ. ಫಿಲ್ಹಾರ್ಮೋನಿಯಾ ಕಟ್ಟಿದ ವಾಲ್ಟರ್ ಲೆಗ್ ಬರೆದಿರುವಂತೆ, ಆ ಆರ್ಕೆಸ್ಟ್ರಾಕ್ಕೆ ಮಹಾರಾಜರು ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷದ ಭರವಸೆ ಕೊಟ್ಟಿದ್ದರು. ಅದು ಸಣ್ಣ ಮೊತ್ತವಲ್ಲ. ರಾಜರ ಬೊಕ್ಕಸಕ್ಕೆ ದುಡ್ಡು ಆಕಾಶದಿಂದ ಬೀಳುತ್ತಿರಲಿಲ್ಲ, ಮಂಡ್ಯ ಮೈಸೂರು ಶಿವಮೊಗ್ಗದ ರೈತರ ಕಂದಾಯವೂ ಅದರಲ್ಲಿತ್ತು ಎಂಬ ಮಾತನ್ನು ‘ಕಲೆಗೆ ಬೆಲೆ ಕಟ್ಟಲಾಗದು’ ಎಂಬ ಸವಕಲು ಮಾತಿನಿಂದ ಹಾರಿಸಿಬಿಡುವುದು ಸರಿಯಲ್ಲ. ಅವತ್ತು ಯಾರಾದರೂ ಈ ಪ್ರಶ್ನೆ ಕೇಳಿದ್ದರೆ ಕೇಳಿದ್ದು ನ್ಯಾಯವೇ. ಆದರೆ ರಾಜಮನೆತನಗಳ ಖರ್ಚನ್ನು ತೂಗುವಾಗ ಖರ್ಚಿನಿಂದ ಹುಟ್ಟಿದ್ದು ಯಾರ ಪಾಲಾಯಿತು ಎಂದೂ ನೋಡಬೇಕು. ಮೋಟಾರು, ಬೇಟೆ, ಕುದುರೆ ರೇಸುಗಳಿಗೆ ಸುರಿದ ಸಂಸ್ಥಾನಗಳ ಹಣ ಸುರಿದವರೊಂದಿಗೇ ಮುಗಿಯಿತು. ಈ ಪ್ಲೇಟುಗಳು ಅರಮನೆಯ ಕೋಣೆಯಲ್ಲಿ ಉಳಿಯಲಿಲ್ಲ, ಅಂಗಡಿಗೆ ಬಂದವು. ಇನ್ನೂ ಒಂದು ಮಾತು. ಅರಮನೆಯ ಅಭಿರುಚಿ ತನಗಿಷ್ಟವಾದ ಒಬ್ಬನ ಬಾಲ ಹಿಡಿದು ಕೂರಲಿಲ್ಲ. ಮೆಟ್ನರ್‌ಗೆ ಹಿಡಿಸದ ರಿಚರ್ಡ್ ಸ್ಟ್ರೌಸ್‌ನ ‘ಕೊನೆಯ ನಾಲ್ಕು ಹಾಡುಗಳು’ 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಫುರ್ಟ್‌ವೆಂಗ್ಲರ್ ನೇತೃತ್ವದಲ್ಲಿ, ಕರ್ಸ್ಟನ್ ಫ್ಲಾಗ್‌ಸ್ಟಾಡ್ ಕಂಠದಲ್ಲಿ ಮೊದಲ ಸಲ ಕೇಳಿಸಿದ್ದೂ ಮೈಸೂರಿನ ಬೆಂಬಲದಿಂದ. ಶೋಕಿಗೆ ಇಷ್ಟು ವಿವೇಚನೆ ಇರುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಮೈಸೂರು ಮೆಟ್ನರ್‌ನನ್ನು ಪ್ರಸಿದ್ಧನನ್ನಾಗಿ ಮಾಡಿತು ಎಂದು ಎದೆತಟ್ಟಿಕೊಳ್ಳುವುದು ಸುಳ್ಳಾಗುತ್ತದೆ. ಆತ ತೀರಿಕೊಂಡ ಮೇಲೆ ದಶಕಗಳ ಕಾಲ ಅವನ ಹೆಸರು ಪಿಯಾನೋ ಕಸುಬಿನವರ ವಲಯ ದಾಟಲಿಲ್ಲ. ಭಾರೀ ಶೆಲ್ಯಾಕ್ ಪ್ಲೇಟುಗಳ ಸಂಪುಟ ಹೊರಬರುತ್ತಿದ್ದಂತೆಯೇ ಲಾಂಗ್‌ಪ್ಲೇ ತಟ್ಟೆಗಳು ಮಾರುಕಟ್ಟೆಗೆ ಬಂದು, ಇವು ಮೂಲೆ ಸೇರಿದವು. ಪೋಷಣೆಯಿಂದ ಕೀರ್ತಿ ತಾನಾಗಿ ಬರುವುದಿಲ್ಲ. ಮಾರುಕಟ್ಟೆ ಕೈಬಿಟ್ಟ ವಾದಕನೊಬ್ಬನ ಬಗ್ಗೆ ಮುಂದಿನವರು ಕಿವಿಯಾರೆ ಕೇಳಿ ತೀರ್ಮಾನಿಸಲು ಬೇಕಾದ ಸಾಕ್ಷ್ಯವನ್ನು ಅದು ಉಳಿಸಿಕೊಟ್ಟಿತು. ಸರ್ಕಾರದ ಅಕಾಡೆಮಿಗಳು, ಟ್ರಸ್ಟುಗಳು, ಕಂಪನಿಗಳ ಪ್ರಾಯೋಜಕತ್ವ ಇರುವ ಈ ಕಾಲದಲ್ಲೂ ಹಣ ಹೋಗುವುದು ಹೆಚ್ಚಾಗಿ ಈಗಾಗಲೇ ಸಭೆ ತುಂಬಿಸಬಲ್ಲವರ ಕಡೆಗೆ. ಸಭೆ ತುಂಬದ, ಆದರೆ ಕೈಯಲ್ಲಿ ವಿದ್ಯೆ ಇರುವ ಹಿರಿಯ ವಾದಕರು ಕರ್ನಾಟಕ ಸಂಗೀತದಲ್ಲೂ ಇದ್ದಾರೆ, ಅವರ ನುಡಿಸಾಣಿಕೆಯನ್ನು ಮುದ್ರಿಸಿಡಲು ಈಗ ಆರ್ಕೆಸ್ಟ್ರಾದ ಕೂಲಿಯೂ ಬೇಡ.

ಮೆಟ್ನರ್ ಕೈಯ ಮುದ್ರಣಗಳು ಸಿಡಿಗಳಾಗಿ ಮರಳಿ ಬಂದಿವೆ, ಅಂತರ್ಜಾಲದಲ್ಲೂ ಸಿಗುತ್ತವೆ. ಆಸಕ್ತರು ಮೊದಲು ಐದಾರು ನಿಮಿಷದೊಳಗಿನ ಸ್ಕಾಜ್ಕಿ ಕೇಳಿ, ಆಮೇಲೆ ಮೂರನೇ ಕಾನ್ಚೆರ್ಟೊಗೆ ಕೈಹಾಕುವುದು ಒಳ್ಳೆಯದು. ಒಂದೇ ಸಲ ಕೇಳಿ ಬಿಟ್ಟರೆ ಏನೂ ದಕ್ಕುವುದಿಲ್ಲ. ದಸರಾ ಸಂಗೀತ ಕಾರ್ಯಕ್ರಮಗಳನ್ನು ಗೊತ್ತು ಮಾಡುವವರಲ್ಲೂ ಒಂದು ಬಿನ್ನಹ. ಒಂದು ಸಂಜೆಯನ್ನು ಈ ವಾದಕನ ಸಂಗೀತಕ್ಕೆ ಕೊಡಿ. ಸ್ಕಾಜ್ಕಿ ಮತ್ತು ಒಂದು ಸೊನಾಟಾಕ್ಕೆ ಶ್ರುತಿ ಮಾಡಿದ ಒಂದು ಒಳ್ಳೆಯ ಪಿಯಾನೋ, ಅದನ್ನು ಬಲ್ಲ ಒಬ್ಬ ವಾದಕ ಸಾಕು.